ಪ್ರಯೋಗದ ವರದಿಯೂ ಅಂಕದ ಪಟ್ಟಿಯೂ

ವಿಜ್ಞಾನದ ವಿದ್ಯಾರ್ಥಿ ವರ್ಷವಿಡೀ ಬರೆಯುವ ಬರವಣಿಗೆಗಳಲ್ಲಿ ಹೆಚ್ಚು ಹೊತ್ತನ್ನು ತಿನ್ನುವುದೂ ಕಡಮೆ ಆಲೋಚನೆಯನ್ನು ಬೇಡುವುದೂ ಯಾವುದೆಂದು ಕೇಳಿದರೆ, ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕವೆಂದೇ ಉತ್ತರ ಹೇಳಬೇಕಾದೀತು. ದಪ್ಪ ರಟ್ಟಿನ ಆ ಪುಸ್ತಕವನ್ನು ಅರಿಯದವರು ನಮ್ಮ ವಾಚಕರಲ್ಲಿ ಇರಲಾರರು. ಬಲಗಡೆಯ ಗೆರೆ ಹಾಕಿದ ಪುಟದಲ್ಲಿ ಉದ್ದೇಶ, ಉಪಕರಣ, ತತ್ತ್ವ, ವಿಧಾನ, ಫಲಿತಾಂಶ. ಎಡಗಡೆಯ ಬಿಳಿಯ ಪುಟದಲ್ಲಿ ಪೆನ್ಸಿಲಿನಿಂದ ಬರೆದ ಚಿತ್ರ, ಕೋಷ್ಟಕ, ಲೆಕ್ಕ. ಕೆಳಗೆ ಅಧ್ಯಾಪಕರ ಕೆಂಪು ಸಹಿ, ತಾರೀಖು. ಅಕ್ಷರ ದುಂಡಾಗಿದ್ದು, ಗೆರೆಗಳು ನೇರವಾಗಿದ್ದು, ಉತ್ತರವು ಪಠ್ಯಪುಸ್ತಕದ ಸಂಖ್ಯೆಗೆ ಹತ್ತಿರವಾಗಿದ್ದರೆ ಸಹಿ ಬೀಳುತ್ತದೆ. ಇಲ್ಲವಾದರೆ "ಮತ್ತೆ ಬರೆದು ತಾ" ಎಂಬ ಆಜ್ಞೆಯಾಗುತ್ತದೆ. ಏನನ್ನು ತಿದ್ದಬೇಕು, ಏಕೆ ತಿದ್ದಬೇಕು ಎಂಬುದು ಮಾತ್ರ ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಹಿಂದಿನ ವರ್ಷದವರ ಪುಸ್ತಕವೊಂದನ್ನು ಎರವಲು ತಂದು, ಅದರಲ್ಲಿದ್ದಂತೆಯೇ ಇಳಿಸಿ, ಸಹಿ ಪಡೆದು ನಿಟ್ಟುಸಿರು ಬಿಡುವುದೊಂದೇ ಉಳಿದ ದಾರಿ.

ಇದನ್ನು ಅಲ್ಪ ವಿಷಯವೆಂದು ತಳ್ಳಿಹಾಕುವಂತಿಲ್ಲ. ಕರ್ನಾಟಕದ ದ್ವಿತೀಯ ಪಿ.ಯು.ಸಿ. ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಪ್ರತಿಯೊಂದಕ್ಕೂ ಇರುವ 100 ಅಂಕಗಳಲ್ಲಿ 30 ಅಂಕಗಳು ಪ್ರಾಯೋಗಿಕ ಭಾಗಕ್ಕೆ ಮೀಸಲಾಗಿವೆ. ಆದರೆ ನಾವು ಹೇಳಹೊರಟಿರುವುದು ಅಂಕಗಳಿಗಿಂತ ಮಿಗಿಲಾದ ಸಂಗತಿ. ತಾನು ಕಣ್ಣಾರೆ ಕಂಡ ಅಳತೆಯನ್ನು ಅಳಿಸಿ, ಪುಸ್ತಕದಲ್ಲಿ ಅಚ್ಚಾದ ಅಳತೆಯನ್ನು ಬರೆಯುವ ಅಭ್ಯಾಸವು ಹದಿನಾರನೆಯ ವಯಸ್ಸಿನಲ್ಲಿ ಅಂಟಿಕೊಂಡರೆ, ಮುಂದೆ ಆ ವಿದ್ಯಾರ್ಥಿ ಔಷಧದ ಪರೀಕ್ಷಕನಾಗಲಿ, ಸೇತುವೆಯ ಎಂಜಿನಿಯರಾಗಲಿ, ಅದು ಸುಲಭವಾಗಿ ಬಿಟ್ಟುಹೋಗುವ ಜಾಡ್ಯವಲ್ಲ. ಈ ಅಭ್ಯಾಸವನ್ನು ಕಲಿಸುತ್ತಿರುವುದು ನಾವು ಅಂಕ ಹಾಕುವ ರೀತಿಯೇ. ಅದನ್ನು ಬಿಡಿಸಲು ಇರುವ ಸಾಧನವೂ ಅಂಕ ಹಾಕುವ ರೀತಿಯೇ. ಯಾವುದಕ್ಕೆ ಎಷ್ಟು ಅಂಕವೆಂಬ ಪಟ್ಟಿಯು ವರದಿಯನ್ನು ಬರೆಯುವ ಮೊದಲೇ ವಿದ್ಯಾರ್ಥಿಯ ಕೈಯಲ್ಲಿರಬೇಕು. ಆ ಪಟ್ಟಿಯಲ್ಲಿ ಸರಿಯುತ್ತರಕ್ಕಿರುವ ಬೆಲೆಗಿಂತ, ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ವಿಚಾರಕ್ಕೆ ಇರುವ ಬೆಲೆ ಹೆಚ್ಚಾಗಿರಬೇಕು. ಇದು ನಮ್ಮ ಅಭಿಪ್ರಾಯ.

ಇಂಥ ಪಟ್ಟಿಗೆ ಇಂಗ್ಲಿಷಿನಲ್ಲಿ ರೂಬ್ರಿಕ್ ಎಂದು ಹೆಸರು. ಕೆಂಪು ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಈ ಹೆಸರು ಬಂದಿದೆ. ಅಚ್ಚಿನ ಯಂತ್ರ ಹುಟ್ಟುವ ಮೊದಲು ಯೂರೋಪಿನ ಲಿಪಿಕಾರರು ಹಸ್ತಪ್ರತಿಗಳ ಶೀರ್ಷಿಕೆಗಳನ್ನೂ, ಇಗರ್ಜಿಯ ಪೂಜಾಕ್ರಮದ ಸೂಚನೆಗಳನ್ನೂ ಕೆಂಪು ಶಾಯಿಯಿಂದ ಬರೆಯುತ್ತಿದ್ದರು. ಓದುವವನು ಮುಂದೇನು ಮಾಡಬೇಕೆಂಬುದನ್ನು ಆ ಕೆಂಪು ಅಕ್ಷರಗಳು ಮುಂಚಿತವಾಗಿ ತಿಳಿಸುತ್ತಿದ್ದವು. ನಮ್ಮ ಶಾಲೆಗಳಲ್ಲಿ ಕೆಂಪು ಶಾಯಿ ಬರುವುದು ಕೆಲಸವೆಲ್ಲ ಮುಗಿದ ಮೇಲೆ ಎಂಬುದೊಂದು ವಿನೋದ. ಇಂದಿನ ಶಿಕ್ಷಣಶಾಸ್ತ್ರದ ಬಳಕೆಯಲ್ಲಿ ರೂಬ್ರಿಕ್ ಎಂದರೆ ಒಂದು ಕೋಷ್ಟಕ. ಎಡಗಡೆಯಲ್ಲಿ ವರದಿಯಲ್ಲಿರಬೇಕಾದ ಗುಣಗಳು, ಮೇಲ್ಗಡೆಯಲ್ಲಿ ಮಟ್ಟಗಳು, ಪ್ರತಿಯೊಂದು ಮನೆಯೊಳಗೂ ಆ ಗುಣವು ಆ ಮಟ್ಟದಲ್ಲಿ ಹೇಗೆ ಕಾಣಿಸುತ್ತದೆಂಬ ಒಂದೆರಡು ವಾಕ್ಯಗಳು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾನಿಲಯದ ಯೂಜೀನಿಯಾ ಎಟ್ಕಿನಾ ಅವರೂ ಅವರ ಸಹೋದ್ಯೋಗಿಗಳೂ 2006ರಲ್ಲಿ ಪ್ರಕಟಿಸಿದ ಭೌತಶಾಸ್ತ್ರದ ಪಟ್ಟಿಗಳಲ್ಲಿ ಮಟ್ಟಗಳು ಸೊನ್ನೆಯಿಂದ ಮೂರರವರೆಗೆ ಇವೆ: ಇಲ್ಲವೇ ಇಲ್ಲ, ಸಾಲದು, ಇನ್ನಷ್ಟು ತಿದ್ದಬೇಕು, ಸಾಕು. 'ಅತ್ಯುತ್ತಮ' ಎಂಬ ಮಟ್ಟ ಅಲ್ಲಿಲ್ಲವೆಂಬುದು ನಮಗೆ ಹಿಡಿಸಿತು. ಪ್ರಯೋಗದ ವರದಿ ಸಾಕೆನ್ನುವಷ್ಟು ಚೆನ್ನಾಗಿದ್ದರೆ ಸಾಕು.

ಅನುಭವಸ್ಥರಾದ ಅಧ್ಯಾಪಕರಿಗೆ ಪಟ್ಟಿಯೇಕೆ, ಓದಿದ ಕೂಡಲೇ ವರದಿಯ ಯೋಗ್ಯತೆ ತಿಳಿಯುವುದಿಲ್ಲವೇ ಎಂಬ ಆಕ್ಷೇಪ ಹಳೆಯದು. ಅದಕ್ಕೆ ಉತ್ತರವೂ ಹಳೆಯದೇ. 1912ರಲ್ಲಿ ಅಮೆರಿಕದ ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ ಎಂಬುವರು ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳ ಪ್ರತಿಗಳನ್ನು 142 ಮಂದಿ ಅಧ್ಯಾಪಕರಿಂದ ತಿದ್ದಿಸಿದರು. ಒಂದೇ ಪತ್ರಿಕೆಗೆ ಒಬ್ಬರು 64 ಅಂಕ ಕೊಟ್ಟರೆ ಮತ್ತೊಬ್ಬರು 98 ಕೊಟ್ಟಿದ್ದರು; ಇನ್ನೊಂದಕ್ಕೆ 50ರಿಂದ 97ರವರೆಗೆ ಅಂಕಗಳು ಬಂದಿದ್ದವು. ಭಾಷೆಯ ವಿಷಯವಾದ್ದರಿಂದ ಹೀಗಾಯಿತು, ಗಣಿತದಲ್ಲಾದರೆ ಆಗದೆಂದು ಕೆಲವರು ವಾದಿಸಿದರು. ಮರುವರ್ಷ ಅವರು ರೇಖಾಗಣಿತದ ಪತ್ರಿಕೆಯೊಂದನ್ನು ತಿದ್ದಿಸಿದಾಗ ಅಂತರ ಇನ್ನೂ ಹಿಗ್ಗಿತು. ಬಳಿಕ 1961ರಲ್ಲಿ ಪಾಲ್ ಡೀಡರಿಕ್ ಎಂಬುವರು ಸಂಗಡಿಗರೊಡನೆ 300 ಪ್ರಬಂಧಗಳನ್ನು ಬೇರೆ ಬೇರೆ ವೃತ್ತಿಗಳ 53 ಮಂದಿಗೆ ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. ನೂರಕ್ಕೆ 94 ಪ್ರಬಂಧಗಳು ಆ ಒಂಬತ್ತರಲ್ಲಿ ಏಳಕ್ಕಿಂತ ಕಡಮೆಯಿಲ್ಲದಷ್ಟು ದರ್ಜೆಗಳನ್ನು ಪಡೆದವು! ಓದುಗರು ಅಜಾಗರೂಕರಾಗಿರಲಿಲ್ಲ, ಒಬ್ಬರು ವಿಚಾರಕ್ಕೂ, ಒಬ್ಬರು ಜೋಡಣೆಗೂ, ಮತ್ತೊಬ್ಬರು ಕಾಗುಣಿತಕ್ಕೂ ಪ್ರಾಧಾನ್ಯವನ್ನು ಕೊಟ್ಟಿದ್ದರು. ತಾನು ಯಾವುದನ್ನು ತೂಗುತ್ತಿದ್ದೇನೆಂದು ಹೇಳದ ತಕ್ಕಡಿಯಿಂದ ವಿದ್ಯಾರ್ಥಿಗೆ ಆಗುವ ಪ್ರಯೋಜನವೇನು?

ಈಗ ಪ್ರಯೋಗಶಾಲೆಯೊಳಕ್ಕೆ ಹೋಗೋಣ. ಎಲ್ಲರೂ ಮಾಡಿರುವ ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಬಹುದು. ದಾರದ ತುದಿಗೆ ಹಿತ್ತಾಳೆಯ ಗುಂಡನ್ನು ಕಟ್ಟಿ ತೂಗಾಡಿಸಿ, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಸ್ಟಾಪ್‌ವಾಚಿನಿಂದ ಅಳೆದು, ಒಂದು ಆಂದೋಲನದ ಅವಧಿಯನ್ನೂ ಅದರಿಂದ ಗುರುತ್ವದ ವೇಗೋತ್ಕರ್ಷವನ್ನೂ ಲೆಕ್ಕಹಾಕುವುದು ಕ್ರಮ. ಉತ್ತರ ಎಷ್ಟು ಬರಬೇಕು? ಬೆಂಗಳೂರಿನ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕದಲ್ಲಿ 9.8 ಎಂದೋ 9.81 ಎಂದೋ ಬರೆದಿರುವುದು ವಾಡಿಕೆ. ಆದರೆ ವೇಗೋತ್ಕರ್ಷವು ಭೂಮಿಯ ಮೇಲೆಲ್ಲ ಒಂದೇ ಆಗಿಲ್ಲ. ಭೂಮಧ್ಯರೇಖೆಯಲ್ಲಿ ಸಮುದ್ರಮಟ್ಟದಲ್ಲಿ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 9.78 ಮೀಟರು, ಧ್ರುವಗಳಲ್ಲಿ ಸುಮಾರು 9.83. ನಮ್ಮ ಪುಸ್ತಕಗಳ 9.81 ಲಂಡನ್ನಿನಂಥ ಉತ್ತರದ ಊರುಗಳಿಗೆ ಒಪ್ಪುವ ಬೆಲೆ. 1901ರಲ್ಲಿ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನವು ಒಪ್ಪಿಕೊಂಡ 9.80665 ಎಂಬುದಾದರೋ ವ್ಯವಹಾರದ ಸೌಕರ್ಯಕ್ಕಾಗಿ ಗೊತ್ತುಪಡಿಸಿಕೊಂಡ ಸಂಖ್ಯೆ. ಅದು ಯಾವ ಊರಿನ ಅಳತೆಯೂ ಅಲ್ಲ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನಿಜವಾದ ಬೆಲೆ 9.78ರ ಹತ್ತಿರ ಇದೆ. ಇಲ್ಲಿ ಕುಳಿತು 9.81 ಎಂದು ಎರಡು ದಶಮಾಂಶಗಳವರೆಗೆ ಬರೆದು ಪೂರ್ಣ ಅಂಕ ಪಡೆದ ವಿದ್ಯಾರ್ಥಿಯು ತಾನು ತೂಗಾಡಿಸಿದ ಗುಂಡನ್ನು ಲಂಡನ್ನಿಗೆ ಕಳುಹಿಸಿದಂತಾಯಿತು.

ಅವನು ನಿಜವಾಗಿ ಅಳೆದದ್ದು ಎಷ್ಟೆಂಬುದನ್ನು ನೋಡೋಣ. ಲೋಲಕದ ಉದ್ದ 100 ಸೆಂಟಿಮೀಟರು. ಇಪ್ಪತ್ತು ಆಂದೋಲನಗಳಿಗೆ ಮೂರು ಸಲ ಬಂದ ಕಾಲ 40.3, 40.0, 40.4 ಸೆಕೆಂಡು ಎಂದಿಟ್ಟುಕೊಳ್ಳಿ. ಸರಾಸರಿಯಿಂದ ವೇಗೋತ್ಕರ್ಷ 9.76 ಎಂದು ಬರುತ್ತದೆ. ಆದರೆ ಗುಂಡಿಯನ್ನು ಒತ್ತುವ ಬೆರಳು ಒಂದು ಸೆಕೆಂಡಿನ ಐದನೆಯ ಒಂದು ಪಾಲಿನಷ್ಟು ಹಿಂದುಮುಂದಾಗುವುದು ಸಹಜ. ಮೂರು ಅಳತೆಗಳ ನಡುವಣ ವ್ಯತ್ಯಾಸವೇ ಅದಕ್ಕೆ ಸಾಕ್ಷಿ. ನಲವತ್ತು ಸೆಕೆಂಡಿನಲ್ಲಿ 0.2 ಎಂದರೆ ಶೇಕಡಾ ಅರ್ಧ. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಉತ್ತರದಲ್ಲಿ ಅದು ಶೇಕಡಾ ಒಂದಾಗುತ್ತದೆ. ಆದ್ದರಿಂದ ಪ್ರಾಮಾಣಿಕವಾದ ಉತ್ತರವೆಂದರೆ 9.76, ಅದಕ್ಕೆ 0.1ರಷ್ಟು ಹೆಚ್ಚು ಅಥವಾ ಕಡಮೆ. ಈ ಎಲ್ಲೆಯೊಳಗೆ ಬೆಂಗಳೂರೂ ಸೇರುತ್ತದೆ, ಲಂಡನ್ನೂ ಸೇರುತ್ತದೆ. ಈ ಉಪಕರಣದಿಂದ ಈ ರೀತಿಯಾಗಿ ಅಳೆದರೆ ಎರಡು ಊರುಗಳಿಗೆ ಭೇದವೇ ಕಾಣದು! ಇದನ್ನು ಕಂಡುಕೊಂಡು ಬರೆದವನು ಪ್ರಯೋಗದಿಂದ ಏನನ್ನೋ ಕಲಿತಿದ್ದಾನೆ. 9.81 ಎಂದು ಬರೆದವನು ಕಲಿತದ್ದು ಬೇರೆಯ ವಿದ್ಯೆ.

ಹಾಗಾದರೆ ಒಳ್ಳೆಯ ಪಟ್ಟಿಯೊಂದು ಈ ಪ್ರಯೋಗದ ವರದಿಯಲ್ಲಿ ಏನನ್ನು ಕೇಳಬೇಕು? ಉದ್ದೇಶ, ಉಪಕರಣಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅವಕ್ಕೆ ಒಂದೆರಡು ಅಂಕ ಸಾಕು. ಸಾಲುಗಟ್ಟಲೆ ಬರೆದು ಪುಟ ತುಂಬಿಸುವುದಕ್ಕೆ ಏನನ್ನೂ ಕೊಡಬಾರದು. ವಿಧಾನದ ಭಾಗದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ಬರಹವನ್ನು ಓದಿ, ಬೇರೊಬ್ಬ ವಿದ್ಯಾರ್ಥಿ ನಮ್ಮನ್ನು ಕೇಳದೆಯೇ ಪ್ರಯೋಗವನ್ನು ಮಾಡಬಲ್ಲನೇ? ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆದರೋ ಮೇಲ್ತುದಿಯವರೆಗೆ ಅಳೆದರೋ ಎಂಬುದು ಅಲ್ಲಿ ಬರೆದಿರದಿದ್ದರೆ ಬಲ್ಲನೆಂದು ಹೇಳಲಾಗದು. ಅಳತೆಗಳ ಕೋಷ್ಟಕದಲ್ಲಿ, ತೆಗೆದ ಅಳತೆಗಳೆಲ್ಲ ಇವೆಯೇ, ಬಿಟ್ಟದ್ದಿದ್ದರೆ ಕಾರಣವನ್ನು ಹೇಳಿದೆಯೇ, ಮಾನಗಳನ್ನು ನಮೂದಿಸಿದೆಯೇ ಎಂದು ನೋಡಬೇಕು. ಮೂರು ಸಲವೂ ಒಂದೇ ಸಂಖ್ಯೆ ಬಂದಿದ್ದರೆ ಮೆಚ್ಚುವ ಬದಲು ಸಂದೇಹಪಡಬೇಕು. ರಸಾಯನಶಾಲೆಯಲ್ಲಿ ಬ್ಯೂರೆಟ್ಟಿನ ಅಳತೆಗಳು ಮೂರು ಸಲವೂ 10.2, 10.2, 10.2 ಎಂದು ಬರುವ ಚಮತ್ಕಾರವನ್ನು ನಾವೆಲ್ಲ ಬಲ್ಲೆವಷ್ಟೆ. ಈರುಳ್ಳಿಯ ಬೇರಿನ ತುದಿಯ ಕೋಶವಿಭಜನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದ ಚಿತ್ರವು ಪಠ್ಯಪುಸ್ತಕದ ಚಿತ್ರದೊಡನೆ ಗೆರೆಗೆ ಗೆರೆ ಹೊಂದಿಕೊಳ್ಳುವುದೂ ಇದೇ ಜಾತಿಯ ಚಮತ್ಕಾರ.

ಪಟ್ಟಿಯ ಹೃದಯವಿರುವುದು ಮುಂದಿನ ಸಾಲಿನಲ್ಲಿ. ಅದು ದೋಷಗಳ ವಿಚಾರ. ನಮ್ಮ ವರದಿಗಳ ಈ ಭಾಗದಷ್ಟು ಸತ್ತ ಬರವಣಿಗೆ ಬೇರೆಲ್ಲಿಯೂ ಕಾಣಸಿಗದು. "ಮಾನವ ಸಹಜ ದೋಷಗಳಿಂದಲೂ ಗಾಳಿಯ ತಡೆಯಿಂದಲೂ ಫಲಿತಾಂಶದಲ್ಲಿ ಸ್ವಲ್ಪ ವ್ಯತ್ಯಾಸ ಬಂದಿದೆ" ಎಂಬ ವಾಕ್ಯವನ್ನು ಲೋಲಕದ ವರದಿಗೂ ಹಾಕಬಹುದು, ರಾಕೆಟ್ಟಿನ ವರದಿಗೂ ಹಾಕಬಹುದು. ಯಾವುದಕ್ಕೂ ಹೊಂದುವ ವಾಕ್ಯವು ಯಾವುದನ್ನೂ ಹೇಳಿದಂತಲ್ಲ. ಆದುದರಿಂದ ಪಟ್ಟಿಯ ಈ ಸಾಲಿನ ಮಟ್ಟಗಳನ್ನು ನಾವಾದರೆ ಹೀಗೆ ಬರೆಯುತ್ತೇವೆ. ದೋಷದ ಮಾತೇ ಇಲ್ಲದಿದ್ದರೆ ಸೊನ್ನೆ. ಕಾರಣವೊಂದನ್ನು ಬರಿದೆ ಹೆಸರಿಸಿದ್ದರೆ ಒಂದು. ಆ ಕಾರಣವು ಉತ್ತರವನ್ನು ಮೇಲಕ್ಕೆ ತಳ್ಳುತ್ತದೆಯೋ ಕೆಳಕ್ಕೆ ಎಳೆಯುತ್ತದೆಯೋ ಎಂಬುದನ್ನು ಸರಿಯಾಗಿ ಹೇಳಿದ್ದರೆ ಎರಡು. ಎಷ್ಟು ತಳ್ಳುತ್ತದೆಂಬುದನ್ನು ಲೆಕ್ಕಹಾಕಿ, ಕಂಡ ವ್ಯತ್ಯಾಸಕ್ಕೆ ಅದು ಸಾಕೇ ಸಾಲದೇ ಎಂದು ತೀರ್ಮಾನಿಸಿದ್ದರೆ ಮೂರು.

ಈ ಸಾಲನ್ನು ಎದುರಿಗಿಟ್ಟುಕೊಂಡ ವಿದ್ಯಾರ್ಥಿ ತನ್ನ ವರದಿಯನ್ನು ಹೇಗೆ ತಿದ್ದುತ್ತಾನೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಅವನಿಗೆ ಬಂದ ಉತ್ತರ 10.8 ಎಂದಿರಲಿ. ಹಳೆಯ ಕ್ರಮದಲ್ಲಾದರೆ ಎರಡೇ ದಾರಿ: ಸಂಖ್ಯೆಗಳನ್ನು ತಿದ್ದಿ 9.8ಕ್ಕೆ ಇಳಿಸುವುದು, ಇಲ್ಲವೇ ಗಾಳಿಯ ಮೇಲೆ ತಪ್ಪು ಹೊರಿಸುವುದು. ಪಟ್ಟಿಯಾದರೋ "ಮೇಲಕ್ಕೋ ಕೆಳಕ್ಕೋ? ಎಷ್ಟು?" ಎಂದು ಕೇಳುತ್ತದೆ. ಗಾಳಿಯು ಹಿತ್ತಾಳೆಯ ಗುಂಡನ್ನು ಸ್ವಲ್ಪ ಎತ್ತಿಹಿಡಿಯುವುದು ನಿಜ. ಆದರೆ ಅದರಿಂದ ಆಗುವ ವ್ಯತ್ಯಾಸ ಏಳು ಸಾವಿರದಲ್ಲಿ ಒಂದು ಪಾಲು, ಅದೂ ಉತ್ತರವನ್ನು ಇಳಿಸುವ ಕಡೆಗೆ. ಗಾಳಿ ನಿರಪರಾಧಿ. ಗುಂಡನ್ನು ತೀರ ಅಗಲವಾಗಿ ಎಳೆದು ಬಿಟ್ಟದ್ದು ಕಾರಣವೇ? ಮೂವತ್ತು ಡಿಗ್ರಿ ಎಳೆದು ಬಿಟ್ಟರೆ ಅವಧಿ ಶೇಕಡಾ 1.7ರಷ್ಟು ಹೆಚ್ಚಿ, ಉತ್ತರವು 9.45ರ ಹತ್ತಿರಕ್ಕೆ ಇಳಿಯುತ್ತದೆ. ಇಲ್ಲಿ ಉತ್ತರ ಏರಿದೆ. ಅದೂ ಕಾರಣವಲ್ಲ. ಒಂದು ಸೆಂಟಿಮೀಟರು ತ್ರಿಜ್ಯದ ಗುಂಡಿನ ಮೇಲ್ತುದಿಯವರೆಗೆ ಮಾತ್ರ ಉದ್ದವನ್ನು ಅಳೆದಿದ್ದರೆ? ಆಗಲೂ ಉತ್ತರ ಇಳಿಯುತ್ತದೆ, ಅದೂ ಶೇಕಡಾ ಒಂದರಷ್ಟು. ಇನ್ನು ಉಳಿದದ್ದು ಎಣಿಕೆ. ಗುಂಡನ್ನು ಬಿಟ್ಟ ಕ್ಷಣದಲ್ಲಿ "ಸೊನ್ನೆ" ಎನ್ನುವ ಬದಲು "ಒಂದು" ಎಂದು ಎಣಿಸಲು ಹೊರಟರೆ, "ಇಪ್ಪತ್ತು" ಎನ್ನುವಾಗ ಆಗಿರುವುದು ಹತ್ತೊಂಬತ್ತೇ ಆಂದೋಲನಗಳು. ಇಪ್ಪತ್ತನ್ನು ಹತ್ತೊಂಬತ್ತರಿಂದ ಭಾಗಿಸಿ ವರ್ಗಮಾಡಿದರೆ 1.108, ಅದನ್ನು 9.78ರಿಂದ ಗುಣಿಸಿದರೆ 10.8. ಕಳ್ಳ ಸಿಕ್ಕಿಬಿದ್ದ! ವಿದ್ಯಾರ್ಥಿಯು ಮರುದಿನ ಸೊನ್ನೆಯಿಂದ ಎಣಿಸಿ ಪ್ರಯೋಗವನ್ನು ಮತ್ತೊಮ್ಮೆ ಮಾಡಿ, ಎರಡು ಅಳತೆಗಳನ್ನೂ ವರದಿಯಲ್ಲಿ ಬರೆದರೆ, ತಪ್ಪಿಲ್ಲದೆ 9.78 ಪಡೆದ ನೆರೆಯವನಿಗಿಂತ ಅವನ ವರದಿಯೇ ನಮ್ಮ ದೃಷ್ಟಿಯಲ್ಲಿ ಮೇಲಾದದ್ದು. ಅವನಿಗೇ ಹೆಚ್ಚು ಅಂಕ ಬರುವಂತೆ ಪಟ್ಟಿಯನ್ನು ಬರೆಯಬೇಕು.

ಬೇರೆ ಬೇರೆ ಉದ್ದಗಳಿಗೆ ಅಳತೆ ತೆಗೆದು, ಉದ್ದಕ್ಕೂ ಅವಧಿಯ ವರ್ಗಕ್ಕೂ ಗ್ರಾಫ್ ಬರೆಯುವ ಕ್ರಮವಿದೆಯಲ್ಲ, ಅದರ ಸ್ವಾರಸ್ಯವೂ ಇಲ್ಲಿ ತಿಳಿಯುತ್ತದೆ. ಗುಂಡಿನ ತ್ರಿಜ್ಯವನ್ನು ಸೇರಿಸಲು ಮರೆತಿದ್ದರೆ ಗೆರೆಯು ಮೂಲಬಿಂದುವಿನ ಮೂಲಕ ಹಾಯುವುದಿಲ್ಲ. ಆದರೆ ಅದರ ಇಳಿಜಾರು ಕೆಡುವುದಿಲ್ಲ, ಆದ್ದರಿಂದ ಇಳಿಜಾರಿನಿಂದ ಪಡೆದ ಉತ್ತರ ಸರಿಯಾಗಿಯೇ ಇರುತ್ತದೆ. ಗೆರೆಯನ್ನು ಬಲವಂತದಿಂದ ಮೂಲಬಿಂದುವಿಗೆ ಎಳೆದು ತಂದ ವಿದ್ಯಾರ್ಥಿ, ತನ್ನ ಮರೆವನ್ನು ತೋರಿಸಿಕೊಡಬಹುದಾಗಿದ್ದ ಒಂದೇ ಸುಳಿವನ್ನು ಸ್ಕೇಲಿನಿಂದ ಅಳಿಸಿಹಾಕಿದಂತೆ.

ಇಷ್ಟಕ್ಕೂ, ಅಳತೆಗಳನ್ನು ಬೇಯಿಸಿ ಬಡಿಸುವುದು ವಿದ್ಯಾರ್ಥಿಗಳೇ ಕಂಡುಹಿಡಿದ ಕಲೆಯಲ್ಲ. ಗಣಕಯಂತ್ರದ ಪಿತಾಮಹರೆನಿಸಿದ ಚಾರ್ಲ್ಸ್ ಬ್ಯಾಬೇಜ್ 1830ರಲ್ಲಿ ಇಂಗ್ಲೆಂಡಿನ ವಿಜ್ಞಾನದ ಅವನತಿಯನ್ನು ಕುರಿತು ಬರೆದ ಪುಸ್ತಕದಲ್ಲಿ, ವಿದ್ವಾಂಸರ ಮೋಸಗಳನ್ನು ವಿಂಗಡಿಸುತ್ತ, ಇಲ್ಲದ ಅಳತೆಗಳನ್ನು ಹುಟ್ಟಿಸುವುದು, ಎದ್ದುಕಾಣುವ ಅಳತೆಗಳ ಕೊನೆಗಳನ್ನು ಕತ್ತರಿಸುವುದು, ಬೇಕಾದವನ್ನು ಮಾತ್ರ ಆರಿಸಿ ಬೇಯಿಸುವುದು ಎಂಬ ಬಗೆಗಳನ್ನು ಹೆಸರಿಸಿದ್ದಾರೆ. ಮೋಸದ ಉದ್ದೇಶವಿಲ್ಲದೆಯೂ ಹೀಗಾಗುವುದುಂಟು. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಯ ಹನಿಗಳಿಂದ ಅಳೆದ ಮಿಲಿಕನ್ನರು ಗಾಳಿಯ ಸ್ನಿಗ್ಧತೆಗೆ ಸರಿಯಿಲ್ಲದ ಬೆಲೆಯನ್ನು ಬಳಸಿದ್ದರಿಂದ ಅವರ ಉತ್ತರವು ನಿಜಕ್ಕಿಂತ ಸ್ವಲ್ಪ ಕಡಮೆಯಾಗಿತ್ತು. ಅವರ ತರುವಾಯ ಅಳೆದವರ ಉತ್ತರಗಳು ಒಮ್ಮೆಗೇ ಸರಿಯಾದ ಬೆಲೆಗೆ ಹೋಗದೆ, ಮೆಲ್ಲಮೆಲ್ಲನೆ ಮೇಲಕ್ಕೆ ಏರಿದುವೆಂದು ರಿಚರ್ಡ್ ಫೈನ್‌ಮನ್ 1974ರ ಉಪನ್ಯಾಸವೊಂದರಲ್ಲಿ ಎತ್ತಿ ತೋರಿಸಿದರು. ಮಿಲಿಕನ್ನರ ಬೆಲೆಗಿಂತ ಬಹಳ ದೂರದ ಉತ್ತರ ಬಂದವರು ತಮ್ಮಲ್ಲೇ ತಪ್ಪನ್ನು ಹುಡುಕಿದರು. ಹತ್ತಿರದ ಉತ್ತರ ಬಂದವರು ಅಷ್ಟಾಗಿ ಹುಡುಕಲಿಲ್ಲ. ದೊಡ್ಡವರ ಪಾಡೇ ಹೀಗಿರುವಲ್ಲಿ, ಅಂಕದ ಭಯವಿರುವ ಹುಡುಗರ ಪಾಡನ್ನು ಹೇಳತಕ್ಕದ್ದೇನು?

ಇದಕ್ಕೆ ಎದುರಾದ ಉದಾಹರಣೆಯೂ ಇದೆ, ಅದನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. 1785ರಲ್ಲಿ ಹೆನ್ರಿ ಕ್ಯಾವೆಂಡಿಷ್ ಅವರು ಗಾಳಿಯಲ್ಲಿ ವಿದ್ಯುತ್ತಿನ ಕಿಡಿ ಹಾಯಿಸಿ, ಅದರಲ್ಲಿದ್ದ ನೈಟ್ರೊಜನ್ನನ್ನು ಆಕ್ಸಿಜನ್ನಿನೊಡನೆ ಕೂಡಿಸಿ ಹೀರಿಸಿಬಿಟ್ಟಾಗ, ಒಂದು ಪುಟ್ಟ ಗುಳ್ಳೆ ಮಾತ್ರ ಏನು ಮಾಡಿದರೂ ಉಳಿದುಕೊಂಡಿತು. ಅದು ನೈಟ್ರೊಜನ್ನಿನ 120ರಲ್ಲೊಂದು ಪಾಲಿಗಿಂತ ಹೆಚ್ಚಿಲ್ಲವೆಂದು ಅವರು ಬರೆದಿಟ್ಟರು. ಅದನ್ನು ಅಲಕ್ಷಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನೂರು ವರ್ಷಗಳಿಗೂ ಮೇಲೆ ಲಾರ್ಡ್ ರ್ಯಾಲೆಯವರು ಗಾಳಿಯಿಂದ ತೆಗೆದ ನೈಟ್ರೊಜನ್ನೂ ರಾಸಾಯನಿಕಗಳಿಂದ ತೆಗೆದ ನೈಟ್ರೊಜನ್ನೂ ಸಮನಾಗಿ ತೂಗದಿರುವುದನ್ನು ಕಂಡು, 1892ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಮ್ಮ ಬೆರಗನ್ನು ಪ್ರಕಟಿಸಿ ಓದುಗರ ಸಲಹೆ ಬೇಡಿದರು. ಮುಂದೆ ಇನ್ನೂ ಎಚ್ಚರಿಕೆಯಿಂದ ತೂಗಿದಾಗ, ಒಂದೇ ಗಾಜಿನ ಗೋಳದಲ್ಲಿ ತುಂಬಿದ ಗಾಳಿಯ ನೈಟ್ರೊಜನ್ 2.310 ಗ್ರಾಂ, ರಾಸಾಯನಿಕ ನೈಟ್ರೊಜನ್ 2.299 ಗ್ರಾಂ ತೂಗಿತು. ಸುಮಾರು ಇನ್ನೂರರಲ್ಲೊಂದು ಪಾಲಿನ ವ್ಯತ್ಯಾಸ. "ಮಾನವ ಸಹಜ ದೋಷ" ಎಂದು ಬರೆದು ಮುಗಿಸಬಹುದಾಗಿತ್ತು! ಅವರು ಹಾಗೆ ಮಾಡಲಿಲ್ಲ. ಕ್ಯಾವೆಂಡಿಷ್ ಬರೆದಿಟ್ಟಿದ್ದ ಗುಳ್ಳೆಯ ವಿಷಯವೂ ಬೆಳಕಿಗೆ ಬಂದಿತು. 1894ರಲ್ಲಿ ರ್ಯಾಲೆ ಮತ್ತು ವಿಲಿಯಂ ರ್ಯಾಮ್ಸೆ ಇಬ್ಬರೂ ಆರ್ಗಾನ್ ಎಂಬ ಹೊಸ ಅನಿಲವನ್ನು ಕಂಡುಹಿಡಿದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಅದೇ ಇದೆ. 1904ರಲ್ಲಿ ಒಬ್ಬರಿಗೆ ಭೌತಶಾಸ್ತ್ರದ, ಇನ್ನೊಬ್ಬರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕ ಬಂದಿತು.

ಪಟ್ಟಿಯ ವಿರುದ್ಧ ಹೇಳುವ ಮಾತುಗಳಲ್ಲಿ ಎರಡನ್ನು ನಾವು ಗಂಭೀರವಾಗಿ ಪರಿಗಣಿಸುತ್ತೇವೆ. ಪಟ್ಟಿಯು ಅಚ್ಚಾಗಿಬಿಡುತ್ತದೆ, ಎಲ್ಲ ವರದಿಗಳೂ ಒಂದೇ ಅಚ್ಚಿನ ಬೆಲ್ಲವಾಗುತ್ತವೆ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. "ಮೂರು ದೋಷಗಳನ್ನು ಬರೆ" ಎಂದು ಪಟ್ಟಿಯಲ್ಲಿದ್ದರೆ, ಎಲ್ಲರೂ ಮೂರೇ ದೋಷಗಳನ್ನು, ಬಹುಶಃ ಅವೇ ಮೂರನ್ನು, ಬರೆಯುತ್ತಾರೆ. ಎಣಿಸಬಹುದಾದದ್ದನ್ನು ಮಾತ್ರ ಕೇಳುವ ಪಟ್ಟಿ ಕೆಟ್ಟ ಪಟ್ಟಿ, ಅದಿಲ್ಲದಿರುವುದೇ ಲೇಸು. ಪಟ್ಟಿಯು ಪ್ರಶ್ನೆಯನ್ನು ಕೇಳಬೇಕೇ ಹೊರತು ಉತ್ತರದ ಆಕಾರವನ್ನು ಕೊಡಬಾರದು. ರ್ಯಾಲೆಯವರಿಗೆ ಉಂಟಾದಂಥ ಬೆರಗನ್ನು ಯಾವ ಪಟ್ಟಿಯೂ ಹುಟ್ಟಿಸಲಾರದೆಂಬುದನ್ನು ಒಪ್ಪಿ, ಕೊನೆಯಲ್ಲೊಂದು ಸಾಲನ್ನು ಬರಿದಾಗಿ ಬಿಡಬಹುದು: ಇದರಲ್ಲಿ ನಿಮಗೆ ಅರ್ಥವಾಗದೆ ಉಳಿದದ್ದೇನು? ಅದಕ್ಕೆ ಅಂಕ ಬೇಡ.

ಎರಡನೆಯದು ಅಧ್ಯಾಪಕರ ಕಷ್ಟ. ತಂಡ ತಂಡವಾಗಿ ಬರುವ ವಿದ್ಯಾರ್ಥಿಗಳ ನೂರಾರು ಪುಸ್ತಕಗಳನ್ನು ಸಾಲು ಸಾಲಾಗಿ ತೂಗಿ ನೋಡುವ ವೇಳೆ ಎಲ್ಲಿದೆ? ವೇಳೆಯಿಲ್ಲವೆಂಬುದು ನಿಜ, ಆದರೆ ಎಲ್ಲ ಪ್ರಯೋಗಗಳಿಗೂ ಇದನ್ನು ಮಾಡಬೇಕೆಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಎರಡೋ ಮೂರೋ ಪ್ರಯೋಗಗಳ ವರದಿಯನ್ನು ಹೀಗೆ ಬರೆಸಿ, ತಿದ್ದಿಸಿ, ಮರಳಿ ಬರೆಸಿದರೆ ಸಾಕು. ಇಪ್ಪತ್ತು ವರದಿಗಳ ನಕಲಿಗಿಂತ ಅದು ಹೆಚ್ಚಿನ ವಿದ್ಯೆ. ಮೊದಲ ಸುತ್ತಿನಲ್ಲಿ ವಿದ್ಯಾರ್ಥಿಗಳೇ ತಮ್ಮ ಪುಸ್ತಕಗಳನ್ನು ಪಕ್ಕದವರೊಡನೆ ಬದಲಾಯಿಸಿಕೊಂಡು ಪಟ್ಟಿಯ ಪ್ರಕಾರ ಓದಲಿ. ಬೇರೆಯವರ ವರದಿಯಲ್ಲಿ "ಗಾಳಿಯ ತಡೆ" ಎಂಬುದನ್ನು ಓದಿ "ಎಷ್ಟು?" ಎಂದು ಕೇಳಿದವನು ತನ್ನ ವರದಿಯಲ್ಲಿ ಅದನ್ನು ಬರೆಯಲು ನಾಚುತ್ತಾನೆ. ಎರಡು ಮಂದಿ ಅಧ್ಯಾಪಕರು ವರ್ಷದ ಮೊದಲಲ್ಲಿ ಐದಾರು ವರದಿಗಳನ್ನು ಬೇರೆ ಬೇರೆಯಾಗಿ ತಿದ್ದಿ, ಅಂಕಗಳನ್ನು ಹೋಲಿಸಿ ನೋಡುವುದೂ ಒಳ್ಳೆಯದು. ಅಂತರ ಬಹಳವಾಗಿದ್ದರೆ ತಿದ್ದಬೇಕಾದದ್ದು ಪಟ್ಟಿಯ ಮಾತುಗಳನ್ನು.

ಈ ಮೊದಲ ಸುತ್ತಿನಲ್ಲಿ ಅಂಕವನ್ನೇ ಬರೆಯದಿರುವುದು ಉತ್ತಮವೆಂದು ನಮಗೆ ತೋರುತ್ತದೆ. ಇಸ್ರೇಲಿನ ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಬರಿಯ ಟಿಪ್ಪಣಿಗಳನ್ನು ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕವನ್ನೂ ಟಿಪ್ಪಣಿಯನ್ನೂ ಒಟ್ಟಿಗೆ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಟಿಪ್ಪಣಿಯನ್ನು ಓದುವವರು ಯಾರು? ಪರೀಕ್ಷೆಯ ಮರುದಿನದ ತರಗತಿಯನ್ನು ಕಂಡವರಿಗೆ ಇದಕ್ಕೆ ಸಂಶೋಧನೆಯೂ ಬೇಕಾಗಲಾರದು.

ಕಾಲೇಜಿನಲ್ಲಿ ಇಂಥ ಪಟ್ಟಿಯಿಲ್ಲವೆಂದು ವಿದ್ಯಾರ್ಥಿಗಳು ಸುಮ್ಮನಿರಬೇಕಾಗಿಲ್ಲ. ಮೇಲೆ ಹೇಳಿದ ನಾಲ್ಕು ಮಟ್ಟಗಳನ್ನು ಒಂದು ಚೀಟಿಯಲ್ಲಿ ಬರೆದು ರೆಕಾರ್ಡ್ ಪುಸ್ತಕದ ರಟ್ಟಿನೊಳಗೆ ಅಂಟಿಸಿಕೊಳ್ಳಬಹುದು. ಅಧ್ಯಾಪಕರಲ್ಲಿ "ಸಾರ್, ಈ ವರದಿಯಲ್ಲಿ ಯಾವ ಭಾಗಕ್ಕೆ ಹೆಚ್ಚು ಬೆಲೆ ಕೊಡುತ್ತೀರಿ?" ಎಂದು ಪ್ರಯೋಗಕ್ಕೆ ಮೊದಲೇ ವಿನಯದಿಂದ ಕೇಳಬಹುದು, ಬಹಳ ಮಂದಿ ಅಧ್ಯಾಪಕರು ಸಂತೋಷದಿಂದಲೇ ಹೇಳುವರು. ಒಮ್ಮೆ ಬರೆದ ಅಳತೆಯನ್ನು ರಬ್ಬರಿನಿಂದ ಅಳಿಸಕೂಡದು. ಅದರ ಮೇಲೆ ಒಂದೇ ಗೆರೆ ಎಳೆದು, ಓದಲು ಬರುವಂತೆ ಬಿಡಬೇಕು. ಸಹಿಯಾದ ಮೇಲೆ ತಪ್ಪು ಕಂಡುಬಂದರೆ, ಎಡಗಡೆಯ ಬಿಳಿಯ ಪುಟದಲ್ಲಿ ಸ್ಥಳವಿರುತ್ತದೆ. ಅಲ್ಲಿ ತಾರೀಖು ಹಾಕಿ, ಎಣಿಕೆ ಎಲ್ಲಿ ತಪ್ಪಿತು, ಮತ್ತೆ ಅಳೆದಾಗ ಎಷ್ಟು ಬಂದಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಬಹುದು.